ರಾಜೀವಿಗೆ ಗಂಡು ಬೇಕಾಗಿದೆ

ಶಿರಿಯ
೬ ಮೇ ೨೦೨೪

ಮಾನ್ಯ ಹರಿನಾಥ ಅವರಿಗೆ,

ನಮಸ್ಕಾರ. ನಾನು ಪುಷ್ಪಾವತಿ, ಶಿರಿಯದಲ್ಲಿ ಅಂಗನವಾಡಿ ಟೀಚರ್. ನಿಮಗೆ ನನ್ನ ಪರಿಚಯವಿಲ್ಲ. ಇರಬೇಕಾಗಿತ್ತು, ಆದರೆ ಅದು ನಮ್ಮಿಬ್ಬರ ತಪ್ಪಲ್ಲ.

ನಿನ್ನೆ ನಮ್ಮ ಕುಟುಂಬಶ್ರೀ ಮಹಿಳಾ ಸಂಘದ ವಾಟ್ಸಾಪ್ ಗುಂಪಿಗೆ ಯಾರೋ ಒಂದು ಪ್ರಕಟಣೆ ಹಾಕಿದರು. ಬೆಳ್ಳೂರಿನ ನಿಮ್ಮ ಮನೆಯ ವಿಳಾಸ ಅದರಲ್ಲಿತ್ತು. ಅರುವತ್ತು ವರ್ಷದ ಹಿಂದೆ ಮದುವೆಯಾಗದೆ ತೋಡಿನ ನೀರಿಗೆ ಬಿದ್ದು ಹೋದ ರಾಜೀವಿ ಎಂಬ ಹುಡುಗಿಯ ಪ್ರೇತಕ್ಕೆ ಗಂಡು ಬೇಕಾಗಿದೆ, ಹಾಗೆಯೇ ಮದುವೆಯಾಗದೆ ಸತ್ತ ಹುಡುಗನ ಮನೆಯವರು ತಿಳಿಸಬೇಕು, ಮಳೆಗಾಲದ ಆಟಿ ತಿಂಗಳಲ್ಲಿ ಕುಲೆ ಮದುವೆ ಮಾಡುವುದು ಎಂದು ಬರೆದಿತ್ತು. ಯಜಮಾನರಿಗೆ ಕಿವಿ ಕೇಳುವುದಿಲ್ಲ, ಫೋನು ಬೇಡ, ಕಾಗದ ಬರೆಯಿರಿ ಎಂದೂ ಇತ್ತು. ನಮ್ಮ ಗುಂಪಿನಲ್ಲಿ ಕೆಲವರು ಅದಕ್ಕೆ ನಕ್ಕರು, ಕೆಲವರು ಕೈ ಮುಗಿದರು. ಸತ್ತವರಿಗೆ ಸತ್ತವರನ್ನು ಕಟ್ಟುವ ಕ್ರಮ ನಮ್ಮ ಕಡೆಯೂ ಉಂಟು, ನಾನು ಅದನ್ನು ನೋಡಿ ನಗುವವಳಲ್ಲ.

ಆದರೆ ರಾಜೀವಿ ಸತ್ತಿಲ್ಲ. ನಾನು ಇದನ್ನು ಬರೆಯುವಾಗ ಅವರು ಜಗಲಿಯಲ್ಲಿ ಕುಳಿತು ಬೂತಾಯಿ ಮೀನಿನ ತಲೆ ತೆಗೆಯುತ್ತಿದ್ದಾರೆ, ನಡುನಡುವೆ ಬೆಕ್ಕಿಗೆ ಬೈಯುತ್ತಿದ್ದಾರೆ. ಅವರು ನನ್ನ ಅಮ್ಮ. ನನ್ನ ಅಪ್ಪ ಐತಪ್ಪ. ಮಳೆಗಾಲದಲ್ಲಿ ಒಣಮೀನು ಹೊತ್ತು ನಿಮ್ಮ ಹಿತ್ತಿಲಿಗೆ ಬರುತ್ತಿದ್ದ ಒಬ್ಬ ಉದ್ದನೆಯ ಆಸಾಮಿಯ ನೆನಪು ನಿಮಗೆ ಇದ್ದರೆ, ಅವರೇ. ಹೋದ ವರ್ಷ ಮಾರ್ಚಿನಲ್ಲಿ ತೀರಿಕೊಂಡರು.

ಓಡಿ ಬಂದವರಿಗೆ ಧಾರೆ ಎರೆಯುವವರು ಯಾರು? ಅಪ್ಪ ಅಮ್ಮನಿಗೆ ಧಾರೆ ಆಗಲಿಲ್ಲ. ಹಾಗೆಯೇ ಸುಮಾರು ಅರುವತ್ತು ವರ್ಷ ಬಾಳಿದರು. ನನ್ನ ಹೆದರಿಕೆ ಇರುವುದು ಅಲ್ಲಿಯೇ. ಧಾರೆಯಿಲ್ಲದ ಗಂಡ ಒಬ್ಬನಿರುವಾಗ ನೀವು ಧಾರೆ ಎರೆದು ಇನ್ನೊಬ್ಬನಿಗೆ ಕೊಟ್ಟರೆ ಅಮ್ಮ ಯಾರ ಹೆಂಡತಿಯಾಗುತ್ತಾರೆ? ಅಪ್ಪ ಎಲ್ಲಿಗೆ ಹೋಗಬೇಕು? ದಯಮಾಡಿ ಇದನ್ನು ನಿಲ್ಲಿಸಿ.

ಇತಿ,
ಪುಷ್ಪಾವತಿ


ಬೆಳ್ಳೂರು
೧೯ ಮೇ ೨೦೨೪

ಪುಷ್ಪಾವತಿ ಎಂಬವರಿಗೆ,

ನಿಮ್ಮ ಕಾಗದವನ್ನು ಒಲೆಗೆ ಹಾಕಲು ಹೊರಟವನು ಹಾಕಲಿಲ್ಲ. ಯಾಕೆಂದು ನನಗೂ ಗೊತ್ತಿಲ್ಲ.

ಅಕ್ಕ ಹೋದಾಗ ನಾನು ಸಣ್ಣವನು. ಬಟ್ಟೆ ಒಗೆಯಲು ಹೋದವಳು ಮಧ್ಯಾಹ್ನ ಕಳೆದರೂ ಬರಲಿಲ್ಲ. ತೋಡು ಕೆಂಪಾಗಿ ದಡ ಮೀರಿ ಹರಿಯುತ್ತಿತ್ತು. ಒಗೆದು ಹಿಂಡಿದ ಬಟ್ಟೆಗಳು ಕಲ್ಲಿನ ಮೇಲೆ ಇಟ್ಟ ಹಾಗೇ ಇದ್ದವು, ನನ್ನ ಚಡ್ಡಿಯೂ ಅದರಲ್ಲಿತ್ತು. ಊರವರೆಲ್ಲ ಹಗ್ಗ ಕಟ್ಟಿ ಹುಡುಕಿದರೂ ಹೆಣ ಸಿಗಲಿಲ್ಲ. ಕೊನೆಗೆ ಹುಲ್ಲಿನ ಬೊಂಬೆ ಮಾಡಿ ಸುಟ್ಟರು, ಉತ್ತರಕ್ರಿಯೆ ಮಾಡಿ ಬೊಜ್ಜದ ಊಟವನ್ನೂ ಹಾಕಿದರು. ನಾನು ಆ ಚಡ್ಡಿಯನ್ನು ಮತ್ತೆ ಹಾಕಲಿಲ್ಲ.

ಅಂದಿನಿಂದ ಆಟಿ ಅಮಾವಾಸ್ಯೆಗೆ ಮನೆಯ ಸತ್ತವರಿಗೆ ಬಡಿಸುವಾಗ ಅವಳಿಗೂ ಒಂದು ಎಲೆ ಉಂಟು. ಒಳಕೋಣೆಯಲ್ಲಿ ಎಲೆ ಹಾಕಿ, ಬಾಗಿಲು ಎಳೆದು, ಅವರು ಉಂಡು ಏಳುವವರೆಗೆ ನಾವು ಹೊರಗೆ ಕುಳಿತಿರುತ್ತೇವೆ. ಅವಳ ಎಲೆಗೆ ಒಣಮೀನಿನ ಚಟ್ನಿ ತಪ್ಪಿಸುವುದಿಲ್ಲ, ಅದೆಂದರೆ ಅವಳಿಗೆ ಜೀವ. ಸತ್ತಿಲ್ಲ ಎಂದು ನೀವು ಒಂದು ಮಾತಿನಲ್ಲಿ ಬರೆದುಬಿಟ್ಟಿರಿ. ನಾವು ಅವಳನ್ನು ಸತ್ತವಳೆಂದು ಸಾಕಿದವರು.

ನನ್ನ ತಂಗಿಯ ಮೊಮ್ಮಗಳು ಕ್ಷಮಾ ಈ ಮನೆಯಲ್ಲೇ ಇರುವುದು. ಅವಳಿಗೆ ಗಟ್ಟಿಯಾದ ಮದುವೆ ಸಂಬಂಧಗಳು ಮತ್ತೆ ಮತ್ತೆ ತಪ್ಪಿದವು. ಅವಳ ಅಣ್ಣ ಯತಿನ್ ಜೋಯಿಸರಲ್ಲಿ ಪ್ರಶ್ನೆ ಇಡಿಸಿದ. ಮದುವೆಯಾಗದೆ ಹೋದ ಹೆಣ್ಣೊಂದು ಬಾಗಿಲಿಗೆ ಅಡ್ಡ ನಿಂತಿದೆ ಎಂದು ಕಂಡುಬಂತು. ಪುತ್ತಿಗೆ ಕಡೆಯ ಒಂದು ಮನೆಯವರು ಒಪ್ಪಿದ್ದಾರೆ. ಅವರ ಹುಡುಗ ತೆಂಗಿನ ಮರದಿಂದ ಬಿದ್ದು ಹೋದವನು.

ನಿಮಗೆ ಆಸ್ತಿಯ ಮೇಲೆ ಕಣ್ಣಿದ್ದರೆ ನೇರವಾಗಿ ಹೇಳಿ. ನಮ್ಮ ಮನೆಯ ಹೆಣ್ಣು ಮೀನು ಹೊರುವವನ ಹಿಂದೆ ಹೋಗುವವಳಲ್ಲ. ಹೋಗಿದ್ದಾಳೆ ಎನ್ನುವುದಾದರೆ ಈ ಮನೆಯವರಿಗೆ ಮಾತ್ರ ಗೊತ್ತಿರುವ ಒಂದು ಸಂಗತಿ ಬರೆಯಿರಿ.

ಹರಿನಾಥ


ಶಿರಿಯ
೨ ಜೂನ್ ೨೦೨೪

ಹರಿನಾಥ ಅವರಿಗೆ,

ನಿಮ್ಮ ಆಸ್ತಿ ನಿಮಗೇ ಇರಲಿ. ನಮಗೆ ಐದು ಸೆಂಟು ಜಾಗ, ಒಂದು ಬಾವಿ, ಸೊಕ್ಕಿನ ಬೆಕ್ಕು ಒಂದು ಉಂಟು, ಸಾಕು. ಅಕ್ಕನಿಗೆ ಒಣಮೀನು ಇಷ್ಟವೆಂದು ಅರುವತ್ತು ವರ್ಷ ನೆನಪಿಟ್ಟುಕೊಂಡಿರಿ, ಯಾಕೆ ಇಷ್ಟವೆಂದು ಒಂದು ದಿನವೂ ಯೋಚಿಸಲಿಲ್ಲ ನೋಡಿ.

ಅವರು ಎಂತಹ ಉಪಾಯವನ್ನೂ ಮಾಡಿರಲಿಲ್ಲ. ಅಮ್ಮ ಬಟ್ಟೆ ಒಗೆದು ಮುಗಿಸಿ ನೆಟ್ಟಗಾಗುವಾಗ ಅಪ್ಪ ಬುಟ್ಟಿ ಖಾಲಿ ಮಾಡಿಕೊಂಡು ತೋಡಿಗೆ ಅಡ್ಡ ಹಾಕಿದ ಸಂಕದ ಮೇಲೆ ಹೋಗುತ್ತಿದ್ದರು. “ಬರ್ತೀಯಾ?” ಎಂದು ಕೇಳಿದರು. ಪ್ರತಿ ಸಲವೂ ಕೇಳುತ್ತಿದ್ದರಂತೆ, ತಮಾಷೆಗೆ. ಅಂದು ಅಮ್ಮ ಸೀರೆಯ ನೆರಿಗೆ ಎತ್ತಿಕೊಂಡು ಸಂಕ ಹತ್ತಿದರು. ಅಪ್ಪನೇ ಗಾಬರಿಯಿಂದ ಹಿಂದೆ ತಿರುಗಿ ತಿರುಗಿ ನೋಡುತ್ತಾ ನಡೆದರಂತೆ. ಒಗೆದ ಬಟ್ಟೆಯ ನೆನಪಾದದ್ದು ಕುಂಬಳೆ ಸ್ಟೇಶನ್ನಿನಲ್ಲಿ. “ಅಯ್ಯೋ, ಒಣಗಿಸಲಿಲ್ಲ” ಎಂದು ಅಮ್ಮ ಅತ್ತರಂತೆ. ಮನೆ ಬಿಟ್ಟದ್ದಕ್ಕಲ್ಲ, ಅದಕ್ಕೆ. ಕೆಲವು ವರ್ಷ ಕಣ್ಣೂರಿನಲ್ಲಿ ಇದ್ದು ಮತ್ತೆ ಶಿರಿಯಕ್ಕೆ ಬಂದರು. ಊರವರಿಗೆ ಅಮ್ಮ ಕಣ್ಣೂರಿನವರೇ.

ನಿಮ್ಮಲ್ಲಿ ಬೊಜ್ಜ ಆದದ್ದನ್ನು ಇನ್ನೊಬ್ಬರು ಮೀನಿನವರು ಬಂದು ಹೇಳಿದರು. “ಇನ್ನು ಹೋದರೆ ಕುಲೆ ಬಂತು ಅಂತ ಪೊರಕೆಯಲ್ಲಿ ಹೊಡೆದಾರು” ಎಂದು ಅಮ್ಮ ನಕ್ಕರಂತೆ. ಅಪ್ಪ ನಗಲಿಲ್ಲ. ಬುಟ್ಟಿ ತೂಗಿಸುವ ಕೋಲನ್ನು ಬಾಗಿಲ ಹಿಂದೆ ಇಟ್ಟುಕೊಂಡರು, ಬೆಳ್ಳೂರಿನಿಂದ ಯಾರಾದರೂ ಬಂದರೆ ಎಂದು. ಯಾರೂ ಬರಲಿಲ್ಲ. ಆಮೇಲೆ ಆ ಕೋಲನ್ನು ಬಾಳೆಗೆ ಊರುಗೋಲು ಮಾಡಿದರು. ಇಬ್ಬರೂ ತುಂಬ ಜಗಳ ಮಾಡುತ್ತಿದ್ದರು, ಬಿಸಿನೀರಿಗೆ, ರೇಡಿಯೋಗೆ, ಸಾರಿನ ಹುಳಿಗೆ. ಆದರೆ ಅಪ್ಪ ಎಂದೂ ಅಮ್ಮನಿಗಿಂತ ಮುಂಚೆ ಉಣ್ಣಲಿಲ್ಲ. ಯಾರಾದರೂ ಕೇಳಿದರೆ ನನ್ನ ಹೆಂಡತಿ ಎನ್ನುತ್ತಿರಲಿಲ್ಲ, “ನನ್ನ ಒಟ್ಟಿಗೆ ಬಂದವಳು” ಎನ್ನುತ್ತಿದ್ದರು. ಕೊನೆಯವರೆಗೂ ಅವರಿಗೆ ಅದೊಂದು ಆಶ್ಚರ್ಯ.

ಈಗ ನೀವು ಕೇಳಿದ ಸಂಗತಿ. ಆಟಿ ಅಮಾವಾಸ್ಯೆಗೆ ಅಮ್ಮ ಮನೆಯಲ್ಲಿ ಉಣ್ಣುವುದಿಲ್ಲ. ವ್ರತವೇನೂ ಅಲ್ಲ. “ಹಸಿವಿಲ್ಲ, ಅಲ್ಲಿ ಉಂಡಾಯ್ತು” ಎನ್ನುತ್ತಾರೆ. ಸಣ್ಣವಳಿರುವಾಗ ನನಗೆ ಅದು ತಮಾಷೆ. ನಾನು ಹೈಸ್ಕೂಲಿಗೆ ಹೋಗುವಾಗ ಒಂದು ವರ್ಷ, ಅದೇ ಅಮಾವಾಸ್ಯೆಯ ಮಧ್ಯಾಹ್ನ, ಅಮ್ಮ ಬಟ್ಟಲು ತೆಗೆದುಕೊಂಡು ಬಂದು ಕುಳಿತರು. “ಇವತ್ತು ನನಗೆ ಹಸಿವಾಗ್ತದೆ” ಎಂದರು. ಎರಡು ತುತ್ತು ತಿಂದು ಅಳಲು ಶುರುಮಾಡಿದರು. ಎಂತ ಆಯ್ತೆಂದು ಅಪ್ಪ ಕೇಳಿದರು. “ಎಲೆ ಹಾಕಲಿಲ್ಲ. ನನ್ನ ಅಮ್ಮ ಹೋದರು” ಎಂದರು.

ಅದು ಹೌದೋ ಅಲ್ಲವೋ ನಮಗೆ ಈವರೆಗೆ ಗೊತ್ತಿಲ್ಲ. ನೀವೇ ಹೇಳಬೇಕು.

ಇತಿ,
ಪುಷ್ಪಾವತಿ


ಬೆಳ್ಳೂರು
೨೦ ಜೂನ್ ೨೦೨೪

ಮಗಳು ಪುಷ್ಪಾವತಿಗೆ ಆಶೀರ್ವಾದಗಳು.

ನಿನ್ನ ಕಾಗದ ಬಂದು ಬಹಳ ದಿನವಾಯಿತು. ಪೆನ್ನು ಹಿಡಿದರೆ ಕೈ ಓಡುತ್ತಿರಲಿಲ್ಲ.

ಅಮ್ಮ ಹೋದದ್ದು ಆಟಿಯಲ್ಲಿ, ಅಮಾವಾಸ್ಯೆಗೆ ಸ್ವಲ್ಪ ಮೊದಲು. ಸೂತಕವಾದ್ದರಿಂದ ಆ ವರ್ಷ ಸತ್ತವರಿಗೆ ಬಡಿಸಲಿಲ್ಲ. ಅರುವತ್ತು ವರ್ಷದಲ್ಲಿ ಎಲೆ ತಪ್ಪಿದ್ದು ಅದೊಂದೇ ಸಲ. ಅಂದು ಆ ಕೋಣೆಯ ಮುಂದೆ ನಾನೊಬ್ಬನೇ ಕುಳಿತಿದ್ದೆ. ಒಳಗೆ ಹಸಿದು ಕುಳಿತಿದ್ದಾರೆ ಎಂದು ತೋರಿ ಸಂಕಟವಾಗಿತ್ತು. ಇದನ್ನು ನಾನು ಯಾರಿಗೂ ಹೇಳಿದವನಲ್ಲ.

ಹಾಗಾದರೆ ಅಕ್ಕ ಇದ್ದಾಳೆ. ಸಂತೋಷವೋ ಹೆದರಿಕೆಯೋ ನನಗೆ ತಿಳಿಯುತ್ತಿಲ್ಲ. ಯಾಕೆಂದರೆ, ಮಗಳೇ, ಪ್ರತಿ ವರ್ಷ ಬಾಗಿಲು ತೆರೆದಾಗ ಉಳಿದ ಎಲೆಗಳು ಇಟ್ಟ ಹಾಗೇ ಇರುತ್ತವೆ. ಅವಳ ಎಲೆಯ ಅನ್ನದಲ್ಲಿ ಮಾತ್ರ ಬೆರಳು ಹಾಕಿದ ಗುರುತು ಇರುತ್ತದೆ. ನಾವೆಲ್ಲ ನೋಡಿದ್ದೇವೆ. ಸಣ್ಣ ಪ್ರಾಯದವಳು, ಬೇಗ ಹಸಿವಾಗುತ್ತದೆ ಎಂದು ಅಮ್ಮ ಕಣ್ಣು ಒರೆಸಿಕೊಳ್ಳುತ್ತಿದ್ದರು. ಅವಳು ಅಲ್ಲಿ ಶಿರಿಯದಲ್ಲಿ ಬೆಕ್ಕಿಗೆ ಬೈಯುತ್ತಾ ಇದ್ದರೆ ಇಲ್ಲಿ ಉಂಡದ್ದು ಯಾರು?

ಯತಿನ್‌ಗೆ ಎಲ್ಲವನ್ನೂ ಹೇಳಿದೆ. ಅವನು ಕಾಗದ ಓದಿ ಮಡಚಿಟ್ಟ. “ಅಜ್ಜ, ಅವರು ಬದುಕಿದ್ದರೆ ಇದರಿಂದ ಅವರಿಗೆ ಎಂತ ಆಗಲಿಕ್ಕುಂಟು? ಸತ್ತಿದ್ದರೆ ಒಳ್ಳೆಯದೇ ಆಗ್ತದೆ. ಕ್ಷಮಾನನ್ನು ನೋಡಿ ಮಾರಾಯ್ರೆ” ಎಂದು ಹೇಳುತ್ತಾ ಬರೆದು ತೋರಿಸಿದ. ಕ್ಷಮಾ ಎದ್ದು ಒಳಗೆ ಹೋದಳು. ಹುಡುಗ ಕೆಟ್ಟವನಲ್ಲ. ತಂಗಿಯ ಚಿಂತೆಯಲ್ಲಿ ಒಣಗಿ ಕಡ್ಡಿಯಾಗಿದ್ದಾನೆ. ಆದರೆ ಈ ಮನೆಯ ಯಜಮಾನ ನಾನು. ಮದುವೆ ನಡೆಯುವುದಿಲ್ಲ ಎಂದು ಮಾತು ಕೊಡುತ್ತೇನೆ.

ಅಕ್ಕನನ್ನು ಮನೆಗೆ ಕರೆದುಕೊಂಡು ಬಾ. ನಾನೇ ಬರುತ್ತಿದ್ದೆ, ಅವಳು ಎಂತ ಹೇಳುತ್ತಾಳೋ ಎಂದು ಅಳುಕು.

ಇತಿ ನಿನ್ನ ಮಾವ,
ಹರಿನಾಥ


ಶಿರಿಯ
೧ ಜುಲೈ ೨೦೨೪

ಪ್ರೀತಿಯ ಮಾವನವರಿಗೆ,

ಮಾವ ಎಂದು ಬರೆಯುವುದು ಐವತ್ತೈದನೆಯ ವಯಸ್ಸಿನಲ್ಲಿ ಇದೇ ಮೊದಲು. ಬರೆದು ಸ್ವಲ್ಪ ಹೊತ್ತು ಅದನ್ನೇ ನೋಡಿದೆ.

ಅಮ್ಮನಿಗೆ ಎಲ್ಲವನ್ನೂ ಹೇಳಿದೆ. ಗಂಡು ಹುಡುಕುವ ಸುದ್ದಿ ಕೇಳಿ ಮೊದಲು ಜೋರಾಗಿ ನಕ್ಕರು. “ಹೌದಾ? ಹುಡುಗ ಹೇಗುಂಟಂತೆ? ನಿನ್ನ ಅಪ್ಪನ ಹಾಗೆ ಗೊರಕೆ ಹೊಡೆಯುವವನು ಬೇಡ” ಎಂದರು. ನಿಮ್ಮ ಅಮ್ಮ ಹೋದದ್ದು ಹೌದೆಂದು ಹೇಳಿದಾಗ ತಲೆಯಾಡಿಸಿದರು, ಅಷ್ಟೆ. ಅವರ ಅಳು ಆ ಮಧ್ಯಾಹ್ನವೇ ಮುಗಿದಿತ್ತು. ನಿಮ್ಮ ಚಡ್ಡಿಯ ಸಂಗತಿ ಹೇಳಿದಾಗ ಮಾತ್ರ ತಡೆದುಕೊಳ್ಳಲು ಆಗಲಿಲ್ಲ. “ಹರಿ, ಪಾಪ” ಎಂದು ಎಷ್ಟೋ ಸಲ ಹೇಳಿದರು.

ಆದರೆ ಬೆಳ್ಳೂರಿಗೆ ಬರಲು ಒಪ್ಪಲಿಲ್ಲ. ಬೇಡಿಕೊಂಡೆ, ಜಗಳವಾಡಿದೆ. ಕೊನೆಗೆ ಅವರು ಹೇಳಿದ್ದನ್ನು ಹಾಗೆಯೇ ಬರೆಯುತ್ತೇನೆ. “ಅಲ್ಲಿ ನಾನು ಇದ್ದೇನಲ್ಲ. ಮೊದಲಿನಿಂದಲೂ ಇದ್ದೇನೆ. ಒಂದೇ ಮನೆಯಲ್ಲಿ ಇಬ್ಬರು ರಾಜೀವಿ ಎಂತಕ್ಕೆ?” ಹಾಗೆಂದು ಅವರು ಆರಾಮಾಗಿ ಎದ್ದು ಕೋಳಿಗೆ ಅಕ್ಕಿ ಹಾಕಲು ಹೋದರು. ಎಂಬತ್ತಾದರೂ ಕನ್ನಡಕವಿಲ್ಲದೆ ಪೇಪರ್ ಓದುವವರು, ಬುದ್ಧಿಯಲ್ಲಿ ನನಗಿಂತ ಚುರುಕು. ಹಾಗಾಗಿ ಅದನ್ನು ಮುದಿಪ್ರಾಯದ ಮಾತು ಎನ್ನಲೂ ಆಗುವುದಿಲ್ಲ.

ಸಂಜೆ ಅಪ್ಪನ ಫೋಟೋ ಒರೆಸುತ್ತಾ ಅದಕ್ಕೇ ಹೇಳುತ್ತಿದ್ದರು, “ನೋಡಿ, ನನಗೆ ಅಲ್ಲಿ ಗಂಡು ನೋಡಿದ್ದಾರೆ, ನೀವು ಇನ್ನೂ ಹೀಗೆ ನಗ್ತಾ ಕೂತ್ಕೊಳ್ಳಿ” ಎಂದು. ಮದುವೆ ನಿಲ್ಲಿಸಿದ್ದಕ್ಕೆ ನಿಮ್ಮ ಕಾಲಿಗೆ ಬೀಳುತ್ತೇನೆ, ಮಾವ. ಮಳೆ ಕಡಿಮೆಯಾದ ಮೇಲೆ ಹೇಗಾದರೂ ಮಾಡಿ ಅವರನ್ನು ಕರೆದುಕೊಂಡು ಬರುತ್ತೇನೆ.

ಇತಿ,
ಪುಷ್ಪಾ


ಶಿರಿಯ
೨೬ ಜುಲೈ ೨೦೨೪

ಮಾವನವರಿಗೆ,

ನಿಮ್ಮಿಂದ ಉತ್ತರವಿಲ್ಲ. ಒಂದು ವಿಷಯ ಕೇಳುತ್ತೇನೆ, ಮುಚ್ಚಿಡದೆ ಬರೆಯಿರಿ. ಹೋದ ಆದಿತ್ಯವಾರ ನಿಮ್ಮ ಮನೆಯಲ್ಲಿ ಎಂತ ಆಯಿತು?

ಅಂದು ಬೆಳಿಗ್ಗೆ ಅಮ್ಮ ಹೇಳದೆ ಕೇಳದೆ ತಲೆಗೆ ಎಣ್ಣೆ ಹಚ್ಚಿ ಮಿಂದರು. ಪೆಟ್ಟಿಗೆಯಿಂದ ಹಸಿರು ಸೀರೆ ತೆಗೆದು ಉಟ್ಟರು. ಮಧ್ಯಾಹ್ನ ನಾನು ಸಾರಿಗೆ ಒಗ್ಗರಣೆ ಹಾಕಿ ಬರುವಾಗ ಗೋಡೆಗೆ ಮುಖ ಮಾಡಿ ಮಣೆಯ ಮೇಲೆ ಕುಳಿತಿದ್ದರು, ಎರಡೂ ಕೈ ಬೊಗಸೆ ಹಿಡಿದುಕೊಂಡು. ಹತ್ತಿರ ಹೋಗಿ ನೋಡಿದೆ. ಬೊಗಸೆ ಒದ್ದೆಯಾಗಿ ಬೆರಳ ಸಂದಿನಿಂದ ನೀರು ತೊಟ್ಟಿಕ್ಕುತ್ತಿತ್ತು. ಕೈ ತೊಳೆದು ಬಂದಿರಬೇಕು ಎಂದುಕೊಂಡೆ. ಹಾಗೆ ಅಂದುಕೊಳ್ಳದೆ ನನಗೆ ಬೇರೆ ದಾರಿಯಿಲ್ಲ.

ಆಮೇಲೆ ಎದ್ದು ನಿಂತು ಅಪ್ಪನ ಫೋಟೋದ ಹತ್ತಿರ ಹೋಗಿ ತುಂಬ ಹೊತ್ತು ನೋಡಿದರು. ನನ್ನ ಕಡೆ ತಿರುಗಿ, “ಇವರು ಯಾರು?” ಎಂದು ಕೇಳಿದರು.

ನಾನು ತಮಾಷೆಯೆಂದು ತಿಳಿದು ಬೈದೆ. ತಮಾಷೆಯಲ್ಲ, ಮಾವ. ಈಗ ನನ್ನನ್ನು “ಟೀಚರೇ” ಎಂದು ಕರೆಯುತ್ತಾರೆ. ಮದುವೆಯಾಗದೆ ಹೋದ ನಿಮ್ಮ ಆ ಹುಡುಗಿಗೆ ಮಗಳು ಇರಲು ಸಾಧ್ಯವಿಲ್ಲವಲ್ಲ. ಎರಡು ಸೀರೆ ಕಟ್ಟಿದ ಗಂಟನ್ನು ಮಡಿಲಲ್ಲಿಟ್ಟುಕೊಂಡು ಬೆಳಿಗ್ಗೆಯಿಂದ ಸಂಜೆಯವರೆಗೆ ಬಾಗಿಲಲ್ಲಿ ಕುಳಿತಿರುತ್ತಾರೆ. ದಾರಿಯಲ್ಲಿ ಹೋಗುವವರನ್ನೆಲ್ಲ ಕೇಳುತ್ತಾರೆ, “ನನ್ನನ್ನು ಗಂಡನ ಮನೆಗೆ ಬಿಡ್ತೀರಾ? ಹೊತ್ತಾಯ್ತು” ಎಂದು. ಡಾಕ್ಟರು ತಲೆಯ ಸ್ಕ್ಯಾನ್ ಮಾಡಿಸಿದರು. ಅಂತಹದ್ದೇನೂ ಇಲ್ಲ, ಪ್ರಾಯದ್ದು ಎಂದರು.

ಅಪ್ಪನಿಗೆ ಅವಮಾನವಾದ ಹಾಗೆ ತೋರಿ ಫೋಟೋವನ್ನು ಒಳಗೆ ಇಟ್ಟೆ. ಒಟ್ಟಿಗೆ ಬಂದವಳು ಎನ್ನುತ್ತಿದ್ದರಲ್ಲ, ಆ ಒಂದು ಮಾತಿನ ಮೇಲೆ ಬದುಕಿದ ಮನುಷ್ಯ. ನಿಮ್ಮ ಮೇಲೆ ನನಗೆ ಕೋಪ ಬರುತ್ತದೆ. ಕೋಪ ಬಂದರೆ ಹೇಳಿಕೊಳ್ಳಲಿಕ್ಕೂ ನೀವೇ ಇರುವುದು.

ಪುಷ್ಪಾ


ಬೆಳ್ಳೂರು
೩೦ ಜುಲೈ ೨೦೨೪

ಪ್ರೀತಿಯ ಮಗಳು ಪುಷ್ಪಾಳಿಗೆ,

ಅವರು ಮದುವೆ ಮಾಡಿಬಿಟ್ಟರು.

ಕಣ್ಣಿನ ಪರೀಕ್ಷೆ ಎಂದು ಯತಿನ್ ನನ್ನನ್ನು ಶನಿವಾರ ಮಂಗಳೂರಿಗೆ ಕಳುಹಿಸಿದ. ನೆಂಟರ ಮನೆಯಲ್ಲಿ ಉಳಿದು ಸೋಮವಾರ ಬರುವಾಗ ಅಂಗಳದಲ್ಲಿ ಚಪ್ಪರ ಬಿಚ್ಚುತ್ತ ಇದ್ದರು, ಬಾಳೆಬುಡದಲ್ಲಿ ಎಂಜಲೆಲೆಯ ರಾಶಿ. ಕ್ಷಮಾ ಅಡಿಗೆಮನೆಯಲ್ಲಿ ಅಳುತ್ತಿದ್ದಳು. ಅವಳೇ ಎಲ್ಲವನ್ನೂ ಒಂದು ಚೀಟಿಯಲ್ಲಿ ಬರೆದು ತೋರಿಸಿದಳು. ಆದಿತ್ಯವಾರ ಮಧ್ಯಾಹ್ನ, ಮಣೆಯ ಮೇಲೆ ಹಸಿರು ಸೀರೆ ಇಟ್ಟು, ಪಕ್ಕದ ಮಣೆಯಲ್ಲಿ ಆ ಹುಡುಗನ ಪಂಚೆ ಇಟ್ಟು ಧಾರೆ ಎರೆದರಂತೆ. ಎರೆದ ನೀರು ಹರಿಯಲಿಲ್ಲವಂತೆ, ಸೀರೆಯ ಮೇಲೆ ಬಿದ್ದದ್ದು ಸೀರೆಯೂ ನೆನೆಯದೆ ಕಾಣೆಯಾಯಿತಂತೆ. ಎಲ್ಲರೂ ಕೈ ಮುಗಿದರಂತೆ, ಒಪ್ಪಿದಳು ಎಂದು.

ನಿನ್ನ ಕಾಗದ ಆ ವಾರದ ಕೊನೆಗೆ ಕೈಸೇರಿತು. ಆ ನೀರು ಎಲ್ಲಿಗೆ ಹೋಯಿತು ಎಂದು ನನಗೆ ಗೊತ್ತಾಯಿತು. ಯತಿನ್‌ನನ್ನು ಕರೆದು ಕೂರಿಸಿ ನಿನ್ನ ಕಾಗದವನ್ನು ಗಟ್ಟಿಯಾಗಿ ಓದಿ ಹೇಳಿದೆ. ನನ್ನ ಸ್ವರ ನನಗೇ ಕೇಳುವುದಿಲ್ಲ, ಆದರೂ ಓದಿದೆ. ಅವನು ಬಿಡಿಸುವ ದಾರಿ ಉಂಟಾ ಎಂದು ಜೋಯಿಸರಲ್ಲಿಗೆ ಓಡಿದ. ಕಟ್ಟಲಿಕ್ಕೆ ಮಾತ್ರ ಕ್ರಮ ಉಂಟು, ಬಿಡಿಸಲಿಕ್ಕೆ ಇಲ್ಲ ಎಂದರಂತೆ.

ನಾನು ಎರಡು ದಿನ ಯೋಚಿಸಿದೆ. ಅವರು ಕ್ರಮದ ಪ್ರಕಾರ ಮದುವೆ ಮಾಡಿದ್ದಾರಲ್ಲ, ಆಗಲಿ. ಹಾಗಾದರೆ ಮುಂದಿನ ಕ್ರಮವನ್ನೂ ಮಾಡಬೇಕು. ಹೊಸ ಮದುಮಗಳನ್ನು ಆಟಿಯಲ್ಲಿ ಗಂಡನ ಮನೆಯಲ್ಲಿ ಬಿಡುವುದು ನಮ್ಮಲ್ಲಿ ಇಲ್ಲ. ಆಟಿ ಕಳೆಯುವವರೆಗೆ ಅವಳು ತಾಯಿಮನೆಯಲ್ಲಿ ಕೂರಬೇಕು, ತಮ್ಮನಾದವನು ಹೋಗಿ ಕರೆತರಬೇಕು. ಇದಕ್ಕೆ ಯತಿನ್ ಆಗಲಿ, ಪುತ್ತಿಗೆಯವರಾಗಲಿ, ಜೋಯಿಸರಾಗಲಿ ಎದುರು ಮಾತಾಡುವ ಹಾಗಿಲ್ಲ.

ಶುಕ್ರವಾರ ಬೆಳಿಗ್ಗೆ ಕಾರು ಮಾಡಿಸಿಕೊಂಡು ನಾನೇ ಬರುತ್ತೇನೆ. ಕ್ಷಮಾ ನನ್ನ ಒಟ್ಟಿಗೆ ಬರುತ್ತಾಳಂತೆ. ಅಕ್ಕನಿಗೆ ಹೇಳು, ಆಟಿಗೆ ಕರೆದುಕೊಂಡು ಹೋಗಲು ಹರಿ ಬರುತ್ತಾನೆ ಎಂದು. ಅವಳು ಬಾಗಿಲಲ್ಲಿ ಕಾದು ಕುಳಿತಿದ್ದಾಳಲ್ಲ, ಎದ್ದು ಬರುತ್ತಾಳೆ. ಮುದುಕನನ್ನು ನೋಡಿ ಇವನು ಹರಿ ಅಲ್ಲ ಎಂದರೆ ನಾನು ಎಂತ ಮಾಡುವುದೋ ಗೊತ್ತಿಲ್ಲ. ನೋಡಿಕೊಳ್ಳುವ.

ಆಟಿ ಮುಗಿದು ಸೋಣ ತಿಂಗಳ ಸಂಕ್ರಮಣವಾದ ಮೇಲೆ ಅಳಿಯ ಬಂದು ಹೆಂಡತಿಯನ್ನು ಕರೆದುಕೊಂಡು ಹೋಗಬೇಕು. ಅದೂ ಕ್ರಮವೇ. ಪುತ್ತಿಗೆಗೆ ನಾನು ಹೇಳಿ ಕಳುಹಿಸುವುದಿಲ್ಲ. ನೀನು ಐತಪ್ಪ ಭಾವನ ಫೋಟೋ ಹಿಡಿದುಕೊಂಡು ಬಾ. ಅವರು ನಮ್ಮಲ್ಲಿಗೆ ಬಂದಾಗಲೆಲ್ಲ ಹಿತ್ತಿಲಲ್ಲೇ ನಿಲ್ಲಿಸಿದ್ದೇವೆ. ನೀನು ಅಂಗಳ ದಾಟಿ ಮುಂಬಾಗಿಲಿಗೆ ಬಾ. ಕಾಲಿಗೆ ನೀರು ಕೊಡಲು ನಾನು ನಿಂತಿರುತ್ತೇನೆ.

ಇವರು ಯಾರು ಎಂದು ಅಕ್ಕ ಕೇಳಿದರೆ ನಾನು ಹೆಸರು ಹೇಳುವುದಿಲ್ಲ, “ನಿನ್ನನ್ನು ಕೇಳಿಕೊಂಡು ಬಂದಿದ್ದಾರೆ, ಬರ್ತೀಯಾ ಎಂದು ಕೇಳುತ್ತಾರೆ” ಎನ್ನುತ್ತೇನೆ. ಮುಂದಿನದು ಅವಳಿಗೆ ಬಿಟ್ಟದ್ದು. ಒಮ್ಮೆ ಯಾರನ್ನೂ ಕೇಳದೆ ಎದ್ದು ಹೋದವಳು, ಮಗಳೇ. ಈ ಸಲ ಮನೆಯವರೆಲ್ಲ ನಿಂತು ಕಳುಹಿಸಿಕೊಡುತ್ತೇವೆ.

ಇತಿ ನಿನ್ನ ಮಾವ,
ಹರಿನಾಥ